‘ಅಡಾಪ್ಟರ್’ ಅಂದರೆ ಯಾವುದು? ಹೊರದೇಶಕ್ಕೆ ಕ್ಯಾಮೆರಾ ಒಯ್ಯುವವರ ಪದಗಳು

ಶಿರಸಿಯಿಂದ ಪ್ರಶ್ನೆ:

ಯಕ್ಷಗಾನ ತಂಡಗಳ ಸಂಗಡ ಹೊರದೇಶಕ್ಕೆ ಹೋಗುವ ನಮ್ಮ ಕಡೆಯ ಫೋಟೋಗ್ರಾಫರ್‌ಗಳಿಗಾಗಿ ಒಂದು ಸಣ್ಣ ಕನ್ನಡ ಕೈಪಿಡಿ ತಯಾರಾಗುತ್ತಿದೆ. ಕರಡಿನಲ್ಲಿ ‘ಅಡಾಪ್ಟರ್ ಮರೆಯಬೇಡಿ’ ಎಂಬ ಸಾಲಿದೆ. ಓದಿದವರಲ್ಲಿ ಒಬ್ಬರಿಗೆ ಅದು ಗೋಡೆಯ ಸಾಕೆಟ್ಟಿನ ಪಿನ್, ಇನ್ನೊಬ್ಬರಿಗೆ ಲ್ಯಾಪ್‌ಟಾಪಿನ ಕರಿ ಡಬ್ಬಿ, ಮತ್ತೊಬ್ಬರಿಗೆ ಹಳೇ ಲೆನ್ಸನ್ನು ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾದ ಬಾಡಿಗೆ ಕೂಡಿಸುವ ಉಂಗುರ. ‘ಹೊಂದಿಕೆ ಸಾಧನ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಏನು ಮಾಡುವುದು? ಹಾಗೆಯೇ ವಿಮಾನದ ನಿಯಮದಲ್ಲಿ ಬರುವ ‘ಸ್ಪೇರ್ ಬ್ಯಾಟರಿ’ಗೆ ‘ಹೆಚ್ಚುವರಿ ಬ್ಯಾಟರಿ’ ಎನ್ನಬಹುದೇ? ಕಸ್ಟಮ್ಸಿನವರ ‘ಎಕ್ಸ್‌ಪೋರ್ಟ್ ಸರ್ಟಿಫಿಕೇಟ್’ ಅನ್ನು ‘ರಫ್ತು ಪ್ರಮಾಣಪತ್ರ’ ಎಂದರೆ, ‘ನಾವೇನು ಅಡಿಕೆ ರಫ್ತು ಮಾಡುವವರೇ’ ಎಂದು ಕೇಳುತ್ತಾರೆ.

ಕಾರವಾರದಿಂದ:

‘ಹೊಂದಿಕೆ ಸಾಧನ’ ಬೇಡವೇ ಬೇಡ. ಅಂಗಡಿಯಲ್ಲಿ ಕೇಳಿ ಕೊಳ್ಳಲಾಗದ ಪದ ಕೈಪಿಡಿಯಲ್ಲಿದ್ದು ಪ್ರಯೋಜನವಿಲ್ಲ. ಅಡಾಪ್ಟರ್ ಹಾಗೇ ಇರಲಿ, ಅದರ ಮುಂದೆ ಒಂದು ಪದ ಸೇರಿಸಿ. ಕ್ಯಾಮೆರಾ ಚೀಲದಲ್ಲಿ ಆ ಹೆಸರಿನವು ಮೂರಲ್ಲ, ಐದಿವೆ.

ಗೋಡೆಗೆ ಹಾಕುವುದು ಪಿನ್ ಅಡಾಪ್ಟರ್. ಅದು ಕಡ್ಡಿಗಳ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜಿನ ತಂಟೆಗೆ ಹೋಗುವುದಿಲ್ಲ. ವೋಲ್ಟೇಜ್ ಏರಿಸುವ ಇಳಿಸುವ ಕನ್ವರ್ಟರನ್ನೂ ಜನ ಅಡಾಪ್ಟರ್ ಎಂದೇ ಕರೆಯುವುದರಿಂದ ಗೊಂದಲ ಹುಟ್ಟುವುದು ಇಲ್ಲಿ. ಯಾವುದು ಬೇಕೆಂದು ತಿಳಿಯಲು ಚಾರ್ಜರಿನ ಬೆನ್ನಿನ ಮೇಲಿನ ಸಣ್ಣ ಅಕ್ಷರ ಓದಬೇಕು. ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಜಪಾನಿನ 100 ವೋಲ್ಟಿಗೂ ಅಮೆರಿಕದ 120ಕ್ಕೂ ಬ್ರಿಟನ್ನಿನ 230ಕ್ಕೂ ಅದೇ ಸಾಕು, ಕನ್ವರ್ಟರ್ ಹೊರುವುದು ದಂಡ. ಕ್ಯಾಮೆರಾ ಚಾರ್ಜರುಗಳೆಲ್ಲ ಹೆಚ್ಚುಕಡಿಮೆ ಈ ಜಾತಿಯವೇ. ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್ ಹಾಗಲ್ಲ. ಬರೀ ‘220–240’ ಎಂದಿರುವುದನ್ನು ಅಮೆರಿಕದ ಸಾಕೆಟ್ಟಿಗೆ ಹಾಕಿದರೆ ಸುಮಾರು ಕಾಲು ಪಾಲು ಶಾಖ ಬರುತ್ತದೆ. ಅಲ್ಲಿ ಕೊಂಡ, ಬರೀ ‘120’ ಎಂದಿರುವುದನ್ನು ಊರಿಗೆ ತಂದು ಹಾಕಿದರೆ ಸುಟ್ಟೇ ಹೋಗುತ್ತದೆ.

‘ಯುನಿವರ್ಸಲ್’ ಎಂದು ಮಾರುವುದನ್ನು ಪೂರ್ತಿ ನಂಬಬೇಡಿ. ಬ್ರಿಟನ್, ಸಿಂಗಾಪುರ, ಮಲೇಷ್ಯಾ, ದುಬೈಗಳಲ್ಲಿ ಮೂರು ಚಪ್ಪಟೆ ಕಡ್ಡಿಯ ಜಿ ಮಾದರಿ. ಅದರ ಉದ್ದದ ಅರ್ಥಿಂಗ್ ಕಡ್ಡಿ ಒಳಹೋದಾಗ ಮಾತ್ರ ಉಳಿದೆರಡು ತೂತುಗಳ ಮುಚ್ಚಳ ತೆರೆಯುತ್ತದೆ. ಪೆನ್ನಿನ ತುದಿ ತುರುಕಿ ಟೂ ಪಿನ್ ಕೂರಿಸುವ ನಮ್ಮ ಅಭ್ಯಾಸ ಅಲ್ಲಿ ಮಾಡಬಾರದು, ಇಲ್ಲೂ ಮಾಡಬಾರದು. ಜರ್ಮನಿಯಲ್ಲಿ ಸಾಕೆಟ್ಟೇ ಗುಳಿಯಂತೆ ಒಳಗಿರುತ್ತದೆ. ಚಪ್ಪಟೆ ಮೈಯ ಟೂ ಪಿನ್ ಇಳಿಯುತ್ತದೆ, ದಪ್ಪ ಮೈಯ ಯುನಿವರ್ಸಲ್ ಡಬ್ಬಿ ಅಂಚಿಗೆ ತಾಗಿ ಅರ್ಧಕ್ಕೇ ನಿಲ್ಲಬಹುದು. ಅಮೆರಿಕಕ್ಕೆಂದು ಕೊಂಡ ಮೂರು ಕಡ್ಡಿಯದು ಜಪಾನಿನ ಬಹಳಷ್ಟು ಎರಡು ಸೀಳಿನ ಸಾಕೆಟ್ಟುಗಳಿಗೆ ಹೋಗುವುದಿಲ್ಲ, ಎರಡು ಕಡ್ಡಿಯದನ್ನೇ ಒಯ್ಯಬೇಕು. ಒಂದೇ ಪಿನ್ ಅಡಾಪ್ಟರ್, ಅದಕ್ಕೆ ನಮ್ಮೂರ ಒಂದು ಎಕ್ಸ್‌ಟೆನ್ಶನ್ ಬೋರ್ಡ್: ಕೋಣೆಯಲ್ಲಿರುವ ಎಲ್ಲರ ಚಾರ್ಜರೂ ಅದರಲ್ಲೇ ನಡೆಯುತ್ತದೆ. ನೀರು ಕಾಯಿಸುವ ಕೆಟಲ್ ಮಾತ್ರ ಅದಕ್ಕೆ ಹಾಕಬೇಡಿ.

ಕರಿ ಡಬ್ಬಿಗೆ ಪವರ್ ಅಡಾಪ್ಟರ್ ಅಥವಾ ಬರೀ ಚಾರ್ಜರ್. ಇದಕ್ಕೆ ಹೆಚ್ಚು ಹೇಳುವುದಿಲ್ಲ.

ಲೆನ್ಸ್ ಕೂಡಿಸುವ ಉಂಗುರ ಮೌಂಟ್ ಅಡಾಪ್ಟರ್, ಬೇಕಾದರೆ ‘ಮೌಂಟ್ ಬಳೆ’ ಎನ್ನಿ. ಅದರ ಕೆಲಸ ತಿಳಿಯಬೇಕಾದರೆ ಒಂದು ಅಳತೆ ಗೊತ್ತಿರಬೇಕು: ಲೆನ್ಸ್ ಕೂರುವ ಲೋಹದ ಬಿಲ್ಲೆಯಿಂದ ಸೆನ್ಸರಿಗಿರುವ ದೂರ. ಕ್ಯಾನನ್‌ನ ಹಳೇ ಇಎಫ್ ಮೌಂಟಿನಲ್ಲಿ ಅದು 44 ಮಿ.ಮೀ., ಮಿರರ್‌ಲೆಸ್‌ನ ಆರ್‌ಎಫ್‌ನಲ್ಲಿ 20. ವ್ಯತ್ಯಾಸ 24, ಬಳೆಯ ದಪ್ಪವೂ ಅಷ್ಟೇ. ನಿಕಾನ್‌ನ ಹಳೇ ಎಫ್ 46.5, ಮಿರರ್‌ಲೆಸ್‌ನ ಝಡ್ 16, ಹಾಗಾಗಿ ಬಳೆ 30.5 ಮಿ.ಮೀ. ಇದರಿಂದಲೇ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಲೆನ್ಸ್ ಮಿರರ್‌ಲೆಸ್‌ಗೆ ಬರುತ್ತದೆ, ಉಲ್ಟಾ ಬರುವುದಿಲ್ಲ: ದಪ್ಪ ಸೇರಿಸಬಹುದು, ಬಾಡಿಯ ಒಳಗಿನ ದಪ್ಪ ಕಳೆಯಲು ಬರುವುದಿಲ್ಲ. ಅಗ್ಗದ ಬಳೆ ಕೂದಲೆಳೆಯಷ್ಟು ದಪ್ಪವಾದರೂ ದೂರದ ಬೆಟ್ಟಕ್ಕೆ ಫೋಕಸ್ ಸಿಗುವುದಿಲ್ಲ. ತೆಳುವಾದರೆ ಸಿಗುತ್ತದೆ, ಆದರೆ ಲೆನ್ಸಿನ ಮೇಲಿನ ದೂರದ ಅಂಕಿಗಳು ಸುಳ್ಳಾಗುತ್ತವೆ. ಚಿನ್ನದ ಬಣ್ಣದ ಕಾಂಟ್ಯಾಕ್ಟ್ ಬಿಂದುಗಳಿಗೆ ಎಣ್ಣೆ, ಉಪ್ಪಿನ ಪೊರೆ ಕೂತರೆ ಕ್ಯಾನನ್‌ನಲ್ಲಿ ಅಪರ್ಚರ್ ಅಂಕಿಯ ಜಾಗದಲ್ಲಿ 00 ಬರುತ್ತದೆ, ನಿಕಾನ್‌ನಲ್ಲಿ ಎರಡು ಗೀಟು. ಕಡಲ ಬದಿಯವರು ಹೊರಡುವ ಮೊದಲೇ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿಟ್ಟುಕೊಳ್ಳುವುದು ಒಳ್ಳೆಯದು. ಭಾರದ ಟೆಲಿ ಲೆನ್ಸಿಗೆ ಟ್ರೈಪಾಡನ್ನು ಲೆನ್ಸಿನ ಕಾಲರಿಗೇ ಬಿಗಿಯಿರಿ. ಕ್ಯಾಮೆರಾದ ಬಾಡಿಗೆ ಬಿಗಿದರೆ ಭಾರವೆಲ್ಲ ಬಳೆಯ ಮೇಲೆ ಬಿದ್ದು ಅದು ಸಡಿಲಾಗುತ್ತದೆ.

ಸಣ್ಣ ಮೆಮೊರಿ ಕಾರ್ಡನ್ನು ದೊಡ್ಡದರ ಜಾಗದಲ್ಲಿ ಕೂರಿಸುವುದು ಕಾರ್ಡ್ ಅಡಾಪ್ಟರ್. ಪಕ್ಕದ ಲಾಕ್ ಗುಂಡಿ ಜಾರಿ ಕೆಳಗಿಳಿದರೆ ‘ಕಾರ್ಡ್ ಲಾಕ್ ಆಗಿದೆ’ ಎನ್ನುತ್ತದೆ. ಕಾರ್ಡ್ ಕೆಟ್ಟಿತೆಂದು ಎಸೆಯಬೇಡಿ.

ಹೊನ್ನಾವರದಿಂದ:

‘ಬಳೆ’ಗೆ ನನ್ನ ತಕರಾರಿದೆ. ಇಲ್ಲಿ ‘ರಿಂಗು ಕೊಡಿ’ ಅಂದರೆ ಫಿಲ್ಟರಿನ ಸ್ಟೆಪ್-ಅಪ್ ರಿಂಗ್ ಕೊಡುತ್ತಾರೆ. ಕಾರವಾರದವರು ಎಣಿಸದೇ ಬಿಟ್ಟ ಐದನೆಯ ಅಡಾಪ್ಟರ್ ಇದೇ ಇರಬೇಕು. ಬಳೆಯೂ ರಿಂಗೂ ಒಂದೇ ಎಂದು ಓದುಗ ಭಾವಿಸಿದರೆ ಮತ್ತೆ ಮೊದಲಿನ ಗೊಂದಲಕ್ಕೇ ಬಂದೆವು. ಮೌಂಟ್ ಅಡಾಪ್ಟರ್ ಎಂದೇ ಇರಲಿ. ರಿಂಗಿನ ಅಂಕಿ ಓದುವ ಕ್ರಮವನ್ನೂ ಬರೆಯಿರಿ: ‘67–77’ ಅಂದರೆ 67 ಮಿ.ಮೀ. ಲೆನ್ಸಿಗೆ 77ರ ಫಿಲ್ಟರ್. ‘77–67’ ತಂದರೆ ಫಿಲ್ಟರ್ ಲೆನ್ಸಿಗಿಂತ ಚಿಕ್ಕದಾಗಿ ವೈಡ್ ಆ್ಯಂಗಲ್ ಚಿತ್ರದ ಮೂಲೆಗಳು ಕಪ್ಪಾಗುತ್ತವೆ.

ಚಾರ್ಜರಿನ ಮೇಲಿನ 50/60 ಹರ್ಟ್ಸ್ ಚಾರ್ಜರಿಗೆ ಲೆಕ್ಕಕ್ಕಿಲ್ಲ, ಚಿತ್ರಕ್ಕೆ ಲೆಕ್ಕಕ್ಕಿದೆ. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಇರುವ ಸಭಾಂಗಣದಲ್ಲಿ ಶಟರ್ ವೇಗ ತಪ್ಪಿದರೆ ಅಡ್ಡಪಟ್ಟೆ ಬರುತ್ತದೆ. ಯುರೋಪಿನಲ್ಲಿ ನಮ್ಮ ಹಾಗೇ 50 ಹರ್ಟ್ಸ್, ಶಟರ್ 1/50, 1/100. ಅಮೆರಿಕದಲ್ಲಿ 60 ಹರ್ಟ್ಸ್, ಶಟರ್ 1/60, 1/120. ಜಪಾನಿನಲ್ಲಿ ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ರಂಗದ ಎಲ್‌ಇಡಿ ದೀಪಗಳು ತಮ್ಮದೇ ವೇಗದಲ್ಲಿ ಮಿಣುಕುವುದರಿಂದ ಈ ಲೆಕ್ಕ ಅಲ್ಲಿ ಕೈಕೊಡಬಹುದು. ಆಗ ‘ಸೈಲೆಂಟ್’ ಶಟರ್ ತೆಗೆದು ಮೆಕ್ಯಾನಿಕಲ್ ಶಟರಿಗೆ ಬರಬೇಕು. ಇದಕ್ಕೆ ‘ಪಟ್ಟೆ’ ಚೆನ್ನಾಗಿದೆ, ‘ಬ್ಯಾಂಡಿಂಗ್’ ಬೇಕಿಲ್ಲ.

ಕುಮಟಾದಿಂದ:

‘ಹೆಚ್ಚುವರಿ’ ತಪ್ಪು ದಾರಿ ಹಿಡಿಸುತ್ತದೆ. ನಿಯಮದಲ್ಲಿ ಸ್ಪೇರ್ ಅಂದರೆ ಸಾಧನದ ಒಳಗೆ ಕೂರಿಸದೆ ಇರುವ ಯಾವುದೇ ಬ್ಯಾಟರಿ. ಒಂದೇ ಕ್ಯಾಮೆರಾ, ಒಂದೇ ಬ್ಯಾಟರಿ, ಅದನ್ನು ತೆಗೆದು ಪಕ್ಕಕ್ಕಿಟ್ಟರೂ ಸ್ಪೇರೇ. ಪವರ್ ಬ್ಯಾಂಕ್ ಯಾವತ್ತೂ ಸ್ಪೇರ್. ‘ಬಿಡಿ ಬ್ಯಾಟರಿ’ ಎನ್ನಿ, ಅರ್ಥ ಸರಿಯಾಗಿ ಕೂರುತ್ತದೆ. ಬಿಡಿ ಲಿಥಿಯಂ ಬ್ಯಾಟರಿ ಚೆಕ್-ಇನ್ ಸಾಮಾನಿನಲ್ಲಿ ಹೋಗುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಲೋಹದ ತುದಿಗಳಿಗೆ ಪ್ಲಾಸ್ಟಿಕ್ ಮುಚ್ಚಳ, ಇಲ್ಲವೇ ಟೇಪು. ನಾಣ್ಯವೋ ಕೀಲಿಕೈಯೋ ತಾಗಿ ಶಾರ್ಟ್ ಆದರೆ ಬೆಂಕಿ. 100 ವ್ಯಾಟ್-ಅವರ್‌ವರೆಗೆ ಅನುಮತಿ ಬೇಕಿಲ್ಲ, 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆಯ ಮೇಲೆ ಎರಡು, ಮೇಲೆ ಇಲ್ಲ. ಲೆಕ್ಕ: ವೋಲ್ಟ್ ಗುಣಿಸು ಎಂಎಎಚ್, ಭಾಗಿಸು 1000. ಸೋನಿಯ ಎನ್‌ಪಿ-ಎಫ್‌ಝಡ್100ಕ್ಕೆ 7.2 × 2280 ÷ 1000 = ಸುಮಾರು 16.4. 20,000 ಎಂಎಎಚ್ ಪವರ್ ಬ್ಯಾಂಕಿಗೆ 3.7 ವೋಲ್ಟಿನಂತೆ 74. ಅಂಕಿ ಉಜ್ಜಿಹೋದ ಪವರ್ ಬ್ಯಾಂಕನ್ನು ಸೆಕ್ಯುರಿಟಿಯವರು ತೆಗೆದಿಡಬಹುದು. ಇನ್ನೊಂದು: ಗೇಟಿನಲ್ಲಿ ‘ಜಾಗವಿಲ್ಲ’ ಎಂದು ಕೈಚೀಲವನ್ನೇ ವಿಮಾನದ ಹೊಟ್ಟೆಗೆ ಹಾಕಲು ಕೇಳಿದರೆ, ಬಿಡಿ ಬ್ಯಾಟರಿಗಳನ್ನು ಮೊದಲು ಹೊರತೆಗೆದುಕೊಳ್ಳಬೇಕು. ಒಂದೇ ಜಿಪ್ ಪೌಚಿನಲ್ಲಿಟ್ಟರೆ ಪರದಾಟವಿಲ್ಲ.

ಶಿರಸಿಯಿಂದ, ಮತ್ತೊಬ್ಬರು:

ಎಕ್ಸ್‌ಪೋರ್ಟ್ ಸರ್ಟಿಫಿಕೇಟಿಗೆ ಕನ್ನಡ ಪದ ಕಟ್ಟಬೇಡಿ, ಕೌಂಟರಿನಲ್ಲಿ ಕೇಳಬೇಕಾದ್ದು ಇದೇ ಹೆಸರು. ಪಕ್ಕದಲ್ಲಿ ‘ಮರಳಿ ತರುವಾಗ ಸುಂಕ ಬೀಳದಂತೆ, ಹೋಗುವಾಗಲೇ ಪಡೆಯುವ ಚೀಟಿ’ ಎಂದು ವಿವರಣೆ ಹಾಕಿ. ಬಾಡಿ ಮತ್ತು ಲೆನ್ಸುಗಳ ಸೀರಿಯಲ್ ನಂಬರಿನ ಪಟ್ಟಿ, ಬಿಲ್ಲಿನ ಪ್ರತಿ ಬೇಕು. ವಸ್ತುವನ್ನು ಕಸ್ಟಮ್ಸಿನವರಿಗೆ ತೋರಿಸಬೇಕಾದ್ದರಿಂದ ಚೆಕ್-ಇನ್‌ಗೆ ಮೊದಲೇ ಹೋಗಬೇಕು. ಹುಬ್ಬಳ್ಳಿಯಿಂದ ಬೆಂಗಳೂರು ಅಥವಾ ಮುಂಬೈ ಮೇಲೆ ಹೋಗುವವರು ಇದನ್ನು ಮಾಡಿಸುವುದು ದೇಶ ಬಿಡುವ ನಿಲ್ದಾಣದಲ್ಲಿ. ಸಾಮಾನು ಹುಬ್ಬಳ್ಳಿಯಲ್ಲೇ ಚೆಕ್-ಇನ್ ಆಗಿದ್ದರೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಲೈಟು, ಸ್ಟ್ಯಾಂಡು, ಹಲವು ಬಾಡಿ ಎಂದು ವೃತ್ತಿಯ ಸಾಮಾನು ದೊಡ್ಡದಿದ್ದರೆ ಎಟಿಎ ಕಾರ್ನೆ, ಅಂದರೆ ಸುಂಕ ಕಟ್ಟದೆ ಸಾಮಾನನ್ನು ತಾತ್ಕಾಲಿಕವಾಗಿ ಒಯ್ದು ತರಲು ಬಳಸುವ ಹಾಳೆಗಳ ಕಟ್ಟು. ಬರೆಯುವಾಗ ‘ಕಾರ್ನೆಟ್’ ಬೇಡ, ಫ್ರೆಂಚಿನಲ್ಲಿ ಕೊನೆಯ ಟಕಾರ ನುಡಿಯುವುದಿಲ್ಲ. ನಮ್ಮ ದೇಶದಲ್ಲಿ ಇದನ್ನು ಕೊಡುವುದು ಫಿಕ್ಕಿ ಎಂಬ ವಾಣಿಜ್ಯೋದ್ಯಮ ಒಕ್ಕೂಟ, ಅವಧಿ ಹೆಚ್ಚೆಂದರೆ ಒಂದು ವರ್ಷ. ಪ್ರತಿ ಗಡಿಯಲ್ಲಿ ಒಳಹೋಗುವಾಗ, ಹೊರಬರುವಾಗ ಆಯಾ ಹಾಳೆಗೆ ಮುದ್ರೆ ಹಾಕಿಸಬೇಕು. ಹೊರಬರುವ ಮುದ್ರೆಯೊಂದು ತಪ್ಪಿದರೆ ಸಾಮಾನು ಅಲ್ಲೇ ಉಳಿಯಿತೆಂದು ಲೆಕ್ಕ ಹಿಡಿದು ಆ ದೇಶದವರು ಸುಂಕ ಕೇಳುತ್ತಾರೆ.