ತೇಗದ ಡೈನಿಂಗ್ ಟೇಬಲ್‌ಗೆ ಮೂರು ಕಡೆ ಮೂರು ರೇಟು, ಯಾರಿಗೆ ಕೊಡಲಿ?

ಹಂಪಿನಗರದವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ದಸರಾ ಹೊತ್ತಿಗೆ ಕನಕಪುರ ರಸ್ತೆಯ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದೇವೆ. ಅಲ್ಲಿಗೆ ಒಂದು ಡೈನಿಂಗ್ ಟೇಬಲ್, ಎಂಟು ಕುರ್ಚಿ ಮಾಡಿಸಬೇಕು. ಟೇಬಲ್ ಏಳು ಅಡಿ ಉದ್ದ, ಮೂರೂವರೆ ಅಡಿ ಅಗಲ. ಅಪ್ಪ ಅಮ್ಮ ನಮ್ಮ ಜೊತೆಗೇ ಇರುತ್ತಾರೆ, ಹಬ್ಬಕ್ಕೆ ಅಣ್ಣನ ಮನೆಯವರೂ ಬರುತ್ತಾರೆ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಅಪ್ಪನಿಗೆ ಮಂಡಿ ನೋವು, ಹಾಗಾಗಿ ಅವರ ಕುರ್ಚಿಗೆ ಕೈ ಬೇಕು, ಸೀಟೂ ಸ್ವಲ್ಪ ಎತ್ತರ ಇರಬೇಕು. ರೆಡಿಮೇಡ್‌ನಲ್ಲಿ ಇದು ಎಲ್ಲೂ ಸಿಗಲಿಲ್ಲ.

ಮೂರು ಕಡೆ ಕೇಳಿದೆ. ಇಂದಿರಾನಗರದ ಒಂದು ದೊಡ್ಡ ಶೋರೂಮ್ 3,40,000 ಹೇಳಿತು. ಮೈಸೂರು ರಸ್ತೆ ಟಿಂಬರ್ ಯಾರ್ಡ್ ಲೇಔಟ್ ಹತ್ತಿರದ ವರ್ಕ್‌ಶಾಪ್ 2,05,000. ಮನೆಗೇ ಬಂದು ಮಾಡಿಕೊಡುವ ಒಬ್ಬ ಬಡಗಿ 1,10,000. ಮೂವರೂ ಹೇಳುವುದು ಒಂದೇ ಮಾತು, "ಒಂದನೇ ನಂಬರ್ ತೇಗ ಮೇಡಮ್". ಹಾಗಾದರೆ ಇಷ್ಟೊಂದು ವ್ಯತ್ಯಾಸ ಎಲ್ಲಿಂದ ಬಂತು?

ನನ್ನ ಹೆದರಿಕೆಗೆ ಕಾರಣ ಇದೆ. ಆರು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಹೀಗೇ ಹೇಳಿ ಮಾಡಿಸಿದ್ದೆವು. ಮೊದಲ ಬೇಸಿಗೆಗೇ ಟಾಪ್ ನಡುವೆ ಉದ್ದಕ್ಕೂ ಬಿರುಕು ಬಿಟ್ಟಿತು, ಅನ್ನದ ಅಗುಳು ಒಳಗೆ ಹೋಗುವಷ್ಟು. ಕೇಳಿದರೆ "ಮರ ಅಂದ ಮೇಲೆ ಬಿರುಕು ಬಿಡುತ್ತೆ" ಅಂದರು. ಇವತ್ತಿಗೂ ಅದೇ ಟೇಬಲ್. ದಿನಾ ರಾತ್ರಿ ಆ ಸಂದಿಯಿಂದ ಸಾರು ಒರೆಸುವಾಗ ಹೊಟ್ಟೆ ಉರಿಯುತ್ತದೆ. ಮರದ ಬಗ್ಗೆ ಏನೂ ಗೊತ್ತಿಲ್ಲದ ನನ್ನಂಥವರು ಏನು ನೋಡಬೇಕು, ಏನು ಕೇಳಬೇಕು, ಹೇಳಿ.

ಕೀಸುಳಿ

ನಮಸ್ಕಾರ ಮೇಡಮ್. ಪೀಣ್ಯದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ, ತಂದೆಯ ಕಾಲದಿಂದ ಇದೇ ಕೆಲಸ. ಸಂಕ್ರಾಂತಿ ತನಕ ಹೊಸ ಆರ್ಡರ್ ತೆಗೆದುಕೊಳ್ಳುವ ಸ್ಥಿತಿಯಲ್ಲಿ ನಾನಿಲ್ಲ, ಹಾಗಾಗಿ ಇದನ್ನು ವ್ಯಾಪಾರದ ಮಾತು ಅಂದುಕೊಳ್ಳಬೇಡಿ.

ಮೊದಲು ಆ ಬಿರುಕಿನ ವಿಷಯ. ನಿಮಗೆ ಹೇಳಿದ್ದು ತಪ್ಪು. ಮರ ಹಿಗ್ಗುತ್ತದೆ, ಕುಗ್ಗುತ್ತದೆ, ಅದು ನಿಜ. ನಮ್ಮ ಊರಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ ಒಣಗಿರುತ್ತದೆ, ಜುಲೈ, ಆಗಸ್ಟ್‌ನಲ್ಲಿ ತೇವ. ಉದ್ದಕ್ಕೆ ಮರ ಹೆಚ್ಚುಕಮ್ಮಿ ಅಲ್ಲಾಡುವುದೇ ಇಲ್ಲ, ಅಲ್ಲಾಡುವುದು ಅಗಲಕ್ಕೆ. ಮೂರೂವರೆ ಅಡಿ ಅಗಲದ ತೇಗದ ಟಾಪ್ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ನಾಲ್ಕೈದು ಮಿಲಿಮೀಟರ್ ಹೆಚ್ಚುಕಮ್ಮಿ ಆಗಬಹುದು. ಅದಕ್ಕೆ ಜಾಗ ಬಿಟ್ಟು ಕೂರಿಸುವುದೇ ಬಡಗಿಯ ಕೆಲಸ. ಕೆಳಗಿನ ಫ್ರೇಮಿಗೆ ಟಾಪ್ ಕೂರಿಸುವಾಗ ಸ್ಕ್ರೂ ತೂತನ್ನು ಗುಂಡಗೆ ಕೊರೆಯದೆ ಟಾಪಿನ ಅಗಲದ ದಿಕ್ಕಿಗೆ ಉದ್ದುದ್ದ ಕೊರೆಯಬೇಕು, ಇಲ್ಲವೇ ಸರಿದಾಡುವ ಕ್ಲಿಪ್ ಹಾಕಬೇಕು. ನಿಮ್ಮ ಹಳೆಯ ಟೇಬಲ್ ಅಡಿಗೆ ಬಗ್ಗಿ ಒಂದು ಸಲ ನೋಡಿ. ಸುತ್ತಲೂ ಬಿಗಿಯಾಗಿ ಸ್ಕ್ರೂ ಹೊಡೆದು, ಮೇಲಿಂದ ಅಂಟೂ ಹಾಕಿರುತ್ತಾರೆ. ಕುಗ್ಗಲು ಜಾಗ ಇಲ್ಲ ಅಂದರೆ ಮರ ಸೀಳದೆ ಇನ್ನೇನು ಮಾಡೀತು?

ಇನ್ನೊಂದು ಕಾರಣ, ಮರ ಹಸಿ ಇತ್ತು. ಮನೆಯೊಳಗಿನ ಪೀಠೋಪಕರಣಕ್ಕೆ ಮರದ ತೇವ ಶೇಕಡ 8ರಿಂದ 12ರ ಒಳಗೆ ಇರಬೇಕು. ಯಾರ್ಡಿನಲ್ಲಿ ಕೊಯ್ದು ಎರಡು ವಾರ ಬಿಸಿಲಿಗೆ ಇಟ್ಟ ಮಾತ್ರಕ್ಕೆ ಅಷ್ಟಕ್ಕೆ ಇಳಿಯುವುದಿಲ್ಲ. ಸೀಸನಿಂಗ್ ಚೇಂಬರಿಗೆ (ಮರ ಒಣಗಿಸುವ ಕೋಣೆಗೆ) ಹಾಕಬೇಕು, ಆಮೇಲೆ ವರ್ಕ್‌ಶಾಪಿನಲ್ಲಿ ಪಟ್ಟಿ ಇಟ್ಟು ಪೇರಿಸಿ ಸುಮ್ನೆ ಬಿಡಬೇಕು. ಆ ಕಾಯುವ ದಿನಕ್ಕೂ ಬಾಡಿಗೆ ಇದೆ, ಬಡ್ಡಿ ಇದೆ. ನಿಮ್ಮ ಮೂರು ರೇಟಿನ ವ್ಯತ್ಯಾಸದಲ್ಲಿ ಒಂದು ದೊಡ್ಡ ಪಾಲು ಇಲ್ಲೇ ಇದೆ. ವರ್ಕ್‌ಶಾಪಿಗೆ ಹೋದಾಗ "ಮೀಟರ್ ಇಟ್ಟು ತೋರಿಸಿ" ಅನ್ನಿ. ಎರಡು ಸೂಜಿ ಇರುವ ಸಣ್ಣ ಯಂತ್ರ, ಮರಕ್ಕೆ ಚುಚ್ಚಿದರೆ ನಂಬರ್ ತೋರಿಸುತ್ತದೆ. ಮೀಟರೇ ಇಲ್ಲ ಅಂದವರ ಹತ್ತಿರ ನಾನಾದರೆ ದೊಡ್ಡ ಟಾಪ್ ಮಾಡಿಸುವುದಿಲ್ಲ.

ಈಗ 1,10,000ದ ಲೆಕ್ಕ. ನಿಮ್ಮ ಕೆಲಸಕ್ಕೆ ಸವೆತ ಎಲ್ಲ ಸೇರಿ 12ರಿಂದ 14 ಸಿಎಫ್‌ಟಿ (ಘನ ಅಡಿ) ಮರ ಬೇಕಾಗುತ್ತದೆ. ಒಳ್ಳೆಯ ತೇಗಕ್ಕೇ ಆ ದುಡ್ಡಿನಲ್ಲಿ ಅರ್ಧ ಹೋಗುತ್ತದೆ. ಮಿಕ್ಕಿದ್ದರಲ್ಲಿ ಎಂಟು ಕುರ್ಚಿ ಕೂಲಿ, ಟೇಬಲ್ ಕೂಲಿ, ಪಾಲಿಶ್, ಸಾಗಾಣಿಕೆ. ಆ ಬಡಗಿ ಮೋಸಗಾರ ಅಂತ ನಾನು ಹೇಳುತ್ತಿಲ್ಲ, ಪಾಪ, ಅವರ ಕೈ ಚೆನ್ನಾಗಿಯೇ ಇರಬಹುದು. ಆದರೆ ಆ ರೇಟಿಗೆ ಕೆಲಸ ಮುಗಿಸಬೇಕಾದರೆ ಚೇಗು (ಮರದ ಒಳಗಿನ ಗಟ್ಟಿ ತಿರುಳು) ಕಡಿಮೆ ಹಾಕಿ ಬಿಳಿ ಮರ ಜಾಸ್ತಿ ಸೇರಿಸದೆ ಅವರಿಗೆ ಬೇರೆ ದಾರಿ ಇಲ್ಲ. ತೇಗದಲ್ಲಿ ಗೆದ್ದಲು ಮುಟ್ಟದಿರುವುದು ಒಳಗಿನ ಚೇಗನ್ನು ಮಾತ್ರ. ಹೊರಗಿನ ಬಿಳಿ ಭಾಗಕ್ಕೆ ಹುಳ ಬೀಳುತ್ತದೆ, ಎರಡು ವರ್ಷಕ್ಕೆ ಕಾಲಿನ ಬುಡದಲ್ಲಿ ಹಿಟ್ಟಿನಂಥ ಪುಡಿ ಉದುರಲು ಶುರುವಾಗುತ್ತದೆ. ಗಾಢ ಬಣ್ಣದ ಸ್ಟೇನ್ ಹೊಡೆದ ಮೇಲೆ ಬಿಳಿ ಮರ ಯಾವುದು, ಚೇಗು ಯಾವುದು ಅಂತ ನನಗೇ ಗೊತ್ತಾಗುವುದಿಲ್ಲ, ನಿಮಗೆ ಹೇಗೆ ಗೊತ್ತಾಗಬೇಕು?

ಅದಕ್ಕೇ ಒಂದು ಮಾತು ಕೇಳಿ. ಯಾರಿಗೇ ಕೊಡಿ, ಪಾಲಿಶ್ ಹಾಕುವ ಮುಂಚೆ ಒಂದು ದಿನ ಹೋಗಿ ನೋಡುತ್ತೇನೆ ಅಂತ ಮೊದಲೇ ಹೇಳಿಬಿಡಿ. ಬರಿ ಮರದ ಮೇಲೆ ಎಲ್ಲವೂ ಕಾಣುತ್ತದೆ. ಕುರ್ಚಿ ತಲೆಕೆಳಗು ಮಾಡಿಸಿ. ಕಾಲಿಗೂ ಅಡ್ಡಪಟ್ಟಿಗೂ ಜೋಡಣೆ ಹೇಗಿದೆ ನೋಡಿ. ಒಂದರಲ್ಲಿ ಗುಳಿ ಕೊರೆದು ಇನ್ನೊಂದರ ನಾಲಿಗೆಯನ್ನು ಬಿಗಿಯಾಗಿ ಒಳಗೆ ಕೂರಿಸಿದ್ದರೆ ಆ ಕುರ್ಚಿ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡುವುದಿಲ್ಲ. ಬರೀ ಸ್ಕ್ರೂ ಹೊಡೆದು ಮೇಲೆ ಮರದ ಪುಡಿ, ಅಂಟು ಮೆತ್ತಿದ್ದರೆ ಅದು ಹೆಚ್ಚು ದಿನ ಬಾಳುವುದಿಲ್ಲ. ಕುರ್ಚಿಗೆ ಬೀಳುವ ಪೆಟ್ಟು ಟೇಬಲ್‌ಗಿಂತ ಎಷ್ಟೋ ಜಾಸ್ತಿ. ಜನ ಅದನ್ನು ಎಳೆಯುತ್ತಾರೆ, ಹಿಂದಕ್ಕೆ ವಾಲಿಸಿ ಎರಡು ಕಾಲಿನ ಮೇಲೆ ಕೂರುತ್ತಾರೆ. ನಾನು ಹೊಸ ಹುಡುಗರಿಗೆ ಟೇಬಲ್ ಕೊಡುತ್ತೇನೆ, ಕುರ್ಚಿ ಕೊಡುವುದಿಲ್ಲ.

ಬನಶಂಕರಿ ಎರಡನೇ ಹಂತ

ಕೀಸುಳಿ ಸರ್ ಮರದ ಬಗ್ಗೆ ಹೇಳಿದರು, ನಾನು ದುಡ್ಡಿನ ಬಗ್ಗೆ ಹೇಳುತ್ತೇನೆ ಅಕ್ಕ, ಯಾಕೆಂದರೆ ನಾನು ಕೆಟ್ಟಿದ್ದು ಅಲ್ಲಿ. ಎರಡು ವಾರ್ಡ್‌ರೋಬ್, ಒಂದು ಮಂಚಕ್ಕೆ ಒಂದು ಕಡೆ ಶೇಕಡ 70 ಅಡ್ವಾನ್ಸ್ ಕೊಟ್ಟುಬಿಟ್ಟೆ. ಆರು ವಾರ ಅಂದವರು ಐದು ತಿಂಗಳು ಮಾಡಿದರು. ಬಂದ ಮೇಲೆ ನೋಡಿದರೆ ಡ್ರಾಯರ್ ಒಳಗೆಲ್ಲ ಪ್ಲೈವುಡ್ ಬದಲು ಪಾರ್ಟಿಕಲ್ ಬೋರ್ಡ್. ಕೊಟೇಷನ್‌ನಲ್ಲಿ ಬರೀ "ಪ್ರೀಮಿಯಂ ಬೋರ್ಡ್" ಅಂತ ಇತ್ತು, ಜಗಳ ಆಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಯಾವ ಮರ, ಎಷ್ಟು ದಪ್ಪ, ಎಲ್ಲೆಲ್ಲಿ ಗಟ್ಟಿ ಮರ, ಎಲ್ಲೆಲ್ಲಿ ಪ್ಲೈ, ಎಲ್ಲವನ್ನೂ ಬರೆಸಿಕೊಳ್ಳಿ. ಪ್ಲೈ ಆದರೆ ಐಎಸ್ 303ನ ಬಿಡಬ್ಲ್ಯೂಆರ್ (ಕುದಿಯುವ ನೀರನ್ನೂ ತಡೆಯುವ) ಗ್ರೇಡೋ, ಐಎಸ್ 710 ಮರೀನೋ (ಐಎಸ್ ಅಂದರೆ ಭಾರತೀಯ ಗುಣಮಟ್ಟದ ನಂಬರ್) ಅಂತ ನಂಬರ್ ಸಮೇತ ಬರೆಸಿ, ಹಾಳೆ ಮೇಲಿನ ಐಎಸ್‌ಐ ಗುರುತಿನ ಫೋಟೋ ತೆಗೆದುಕೊಳ್ಳಿ. ದುಡ್ಡನ್ನು ಕಂತಿನಲ್ಲಿ ಕೊಡಿ, ಮರ ಕೊಯ್ದಾಗ ಇಷ್ಟು, ಪಾಲಿಶ್‌ಗೆ ಮುಂಚೆ ನೋಡಿ ಒಪ್ಪಿದಾಗ ಇಷ್ಟು, ಮನೆಯಲ್ಲಿ ಇಳಿಸಿ ಕೂರಿಸಿದ ಮೇಲೆ ಕೊನೆಯದು. ಆ ಮೂರು ರೇಟಿನಲ್ಲಿ ಶೇಕಡ 18 ಜಿಎಸ್‌ಟಿ ಸೇರಿದೆಯೋ ಇಲ್ಲವೋ ಮೊದಲು ಕೇಳಿ, 2 ಲಕ್ಷಕ್ಕೆ ಅದೇ 36 ಸಾವಿರ ಆಗುತ್ತದೆ. "ಬಿಲ್ ಬೇಡ ಅಂದರೆ ಕಮ್ಮಿ ಮಾಡಿಕೊಡುತ್ತೇವೆ" ಅಂದರೆ ದಯವಿಟ್ಟು ಒಪ್ಪಬೇಡಿ. ನನ್ನನ್ನು ಕೊನೆಗೆ ಉಳಿಸಿದ್ದು ಬಿಲ್ ಒಂದೇ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ ಅಂದೆ (5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ), ಆಮೇಲೆ ಬಂದು ಡ್ರಾಯರ್ ಎಲ್ಲ ಬದಲಾಯಿಸಿದರು. ಬಿಲ್ ಇಲ್ಲದಿದ್ದರೆ ನಾನು ಯಾರು, ಅವರು ಯಾರು?

ನಕ್ಷೆ ಪೆನ್ಸಿಲ್

ನಾನು ಇಂಟೀರಿಯರ್ ಡಿಸೈನರ್. ಶೋರೂಮ್ ಪರವಾಗಿ ಒಂದು ಮಾತು ಹೇಳಬೇಕು. ಎಲ್ಲ ಶೋರೂಮೂ ಸುಮ್ನೆ ಬಾಡಿಗೆಯನ್ನು ನಮ್ಮ ತಲೆಗೆ ಕಟ್ಟುವುದಿಲ್ಲ. ಒಳ್ಳೆಯ ಕಡೆ ಮೊದಲು ಒಂದೇ ಒಂದು ಮಾದರಿ ಕುರ್ಚಿ ಮಾಡಿ, ನಿಮ್ಮನ್ನು ಕೂರಿಸಿ, ಬೆನ್ನಿನ ಓರೆ, ಕೈ ಎತ್ತರ ತಿದ್ದಿ, ಆಮೇಲೆ ಮಿಕ್ಕ ಏಳಕ್ಕೆ ಕೈ ಹಾಕುತ್ತಾರೆ. ನಿಮ್ಮ ತಂದೆಯ ಮಂಡಿ ನೋವಿಗೆ ಇದೇ ಮುಖ್ಯ. ಸಾಮಾನ್ಯವಾಗಿ ಟೇಬಲ್ 30 ಇಂಚು, ಸೀಟು 17ರಿಂದ 18 ಇಂಚು. ಅವರಿಗೆ 19 ಬೇಕಾಗಬಹುದು, ಅವರನ್ನೇ ಕೂರಿಸಿ ನೋಡಿ, ಕೈ ಊರಿ ಏಳಲು ಸುಲಭ ಆಗಬೇಕು. ಕುರ್ಚಿ ಕೈ ಟೇಬಲ್ ಅಡಿಗೆ ಹೋಗುತ್ತದೆಯೇ ಅಂತಲೂ ನೋಡಿ, ಇದನ್ನು ಬಹಳ ಜನ ಮರೆಯುತ್ತಾರೆ. ವರ್ಕ್‌ಶಾಪಿನವರು ಮಾದರಿ ಕುರ್ಚಿ ಮಾಡಿಕೊಡಲು ಒಪ್ಪಿದರೆ ನಾನು ಕಣ್ಣು ಮುಚ್ಚಿ ಆ 2,05,000ದ ಕಡೆಗೇ ಹೋಗುತ್ತೇನೆ.

ತೇಗ ಹೌದೋ ಅಲ್ಲವೋ ಅಂತ ತೀರಾ ಅನುಮಾನ ಬಂದರೆ ಮಲ್ಲೇಶ್ವರದ 18ನೇ ಕ್ರಾಸ್‌ನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಒಂದು ಸಣ್ಣ ತುಂಡು ಕೊಟ್ಟು ಶುಲ್ಕ ಕಟ್ಟಿದರೆ ಯಾವ ಮರ ಅಂತ ಪರೀಕ್ಷೆ ಮಾಡಿ ಹೇಳುತ್ತಾರೆ. ನಮ್ಮ ಊರಲ್ಲೇ ಇಂಥ ಜಾಗ ಇರುವುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಇನ್ನು ಮುಂದೆ ಕ್ರಾಕರಿ ಯೂನಿಟ್, ವಾರ್ಡ್‌ರೋಬ್ ಮಾಡಿಸುವಾಗ ವೆನೀರ್ (ಪ್ಲೈ ಮೇಲೆ ಅಂಟಿಸುವ ಅಸಲಿ ಮರದ ತೆಳು ಪದರ) ಅಂದ ಕೂಡಲೇ ಮೋಸ ಅಂದುಕೊಳ್ಳಬೇಡಿ. ಅಗಲವಾದ ಬಾಗಿಲಿಗೆ ಗಟ್ಟಿ ಮರಕ್ಕಿಂತ ಒಳ್ಳೆ ಪ್ಲೈ ಮೇಲೆ ವೆನೀರ್ ಹಾಕಿದ್ದೇ ಸೊಟ್ಟಗಾಗದೆ ನಿಲ್ಲುತ್ತದೆ. ವೆನೀರನ್ನು ಗಟ್ಟಿ ತೇಗ ಅಂತ ಹೇಳಿ ಮಾರಿದರೆ ಮಾತ್ರ ಅದು ಮೋಸ.

ಹಳೇ ತೊಲೆ

ಚಾಮರಾಜಪೇಟೆಯ ನಮ್ಮ ತಾತನ ಮನೆ ಒಡೆದಾಗ ತೊಲೆ, ಜಂತೆಗಳನ್ನು ಗುಜರಿಯವರು ಲಾರಿ ಲೆಕ್ಕದಲ್ಲಿ ಕೇಳಿದರು. ನಾನು ನಾಲ್ಕು ತೊಲೆ ಉಳಿಸಿಕೊಂಡೆ. ಅದರಿಂದಲೇ ಆರು ಜನರ ಟೇಬಲ್ ಆಯಿತು. ಅಷ್ಟು ವರ್ಷ ಒಣಗಿದ ಮರ, ಮೂರು ಬೇಸಿಗೆ ಕಳೆದರೂ ಕೂದಲೆಳೆಯಷ್ಟು ಸಂದಿ ಬಿಟ್ಟಿಲ್ಲ. ಒಳಗೆ ಹಳೆ ಮೊಳೆ ಮುರಿದು ಉಳಿದಿರುತ್ತವೆ, ಎಲ್ಲ ಹುಡುಕಿ ತೆಗೆಯದೆ ಮೆಷಿನ್‌ಗೆ ಕೊಟ್ಟರೆ ಬ್ಲೇಡು ಹಾಳಾಗುತ್ತದೆ, ಅದಕ್ಕೇ ಕೂಲಿ ಜಾಸ್ತಿ ಆಯಿತು. ಒಂದು ಕಡೆ ಮೊಳೆಯ ಕಪ್ಪು ಕಲೆ ಹಾಗೇ ಬಿಡಿಸಿದ್ದೇನೆ, ಅಲ್ಲಿ ತಾತನ ತೊಟ್ಟಿಲಿನ ಸರಪಳಿ ನೇತು ಹಾಕುತ್ತಿದ್ದರಂತೆ. ನಿಮ್ಮ ನೆಂಟರಲ್ಲಿ ಯಾರಾದರೂ ಹಳೆ ಮನೆ ಒಡೆಸುತ್ತಿದ್ದರೆ ಒಂದು ಮಾತು ಕೇಳಿ ನೋಡಿ.

ಹಂಪಿನಗರದವಳು

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಟಾರ್ಚ್ ಹಿಡಿದು ಹಳೆ ಟೇಬಲ್ ಅಡಿಗೆ ಬಗ್ಗಿ ನೋಡಿದೆ. ಕೀಸುಳಿ ಸರ್ ಹೇಳಿದ ಹಾಗೇ ಇದೆ, ಸುತ್ತಲೂ ಹದಿನಾರು ಸ್ಕ್ರೂ, ಅಂಟು ಬೇರೆ. ಆರು ವರ್ಷದಿಂದ ಮರವನ್ನು ಬೈದುಕೊಂಡಿದ್ದೆ.

ಇವತ್ತು ಟಿಂಬರ್ ಯಾರ್ಡ್ ಲೇಔಟ್ ವರ್ಕ್‌ಶಾಪಿಗೆ ಫೋನ್ ಮಾಡಿದೆ. ಮೀಟರ್ ಇದೆ, ಬನ್ನಿ ತೋರಿಸುತ್ತೇವೆ ಅಂದರು. ಮಾದರಿ ಕುರ್ಚಿಗೂ ಒಪ್ಪಿದರು, ಹತ್ತು ದಿನ ಬೇಕಂತೆ. ಪಾಲಿಶ್‌ಗೆ ಮುಂಚೆ ನೋಡಬೇಕು ಅಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬನ್ನಿ ಮೇಡಮ್, ಹಾಗೆ ಕೇಳುವವರು ಕಮ್ಮಿ" ಅಂದರು. ಜಿಎಸ್‌ಟಿ ಆ ರೇಟಿನಲ್ಲಿ ಸೇರಿಲ್ಲವಂತೆ, ಹಾಗಾಗಿ ಕುರ್ಚಿ ಸದ್ಯಕ್ಕೆ ಆರೇ ಮಾಡಿಸೋಣ ಅಂತ ಮನೆಯವರು ಹೇಳುತ್ತಿದ್ದಾರೆ. ಶನಿವಾರ ಅಪ್ಪನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಇನ್ನೇನಾದರೂ ಮರೆತಿದ್ದೇನಾ?

ಕೀಸುಳಿ

ಆರೇ ಮಾಡಿಸಿದರೂ ಎಂಟಕ್ಕೆ ಸಾಕಾಗುವಷ್ಟು ಮರ ಈಗಲೇ ಎತ್ತಿಡಲು ಹೇಳಿ ಮೇಡಮ್, ಆಮೇಲೆ ಅದೇ ಎಳೆ, ಅದೇ ಬಣ್ಣ ಸಿಗುವುದು ಕಷ್ಟ.

ಇನ್ನೊಂದು, ನಿಮ್ಮದು ಎಷ್ಟನೇ ಮಹಡಿ? ಲಿಫ್ಟ್ ಒಳಗಿನ ಎತ್ತರ, ಬಾಗಿಲ ಅಗಲ, ಮೆಟ್ಟಿಲು ತಿರುಗುವ ಜಾಗ, ಮೂರನ್ನೂ ಟೇಪ್ ಹಿಡಿದು ಅಳೆದುಕೊಂಡು ಹೋಗಿ. ಏಳು ಅಡಿ ಟಾಪ್ ಎಷ್ಟೋ ಲಿಫ್ಟಿನಲ್ಲಿ ನಿಲ್ಲುವುದಿಲ್ಲ, ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿಸಬೇಕಾಗುತ್ತದೆ. ಕಾಲು ಬಿಚ್ಚಿ ಬೋಲ್ಟ್ ಹಾಕುವ ಹಾಗೆ ಮಾಡಿಕೊಡಿ ಅಂತ ಈಗಲೇ ಹೇಳಿದರೆ ಅವರಿಗೆ ಸುಲಭ, ಮಾಡಿ ಮುಗಿಸಿದ ಮೇಲೆ ಹೇಳಿದರೆ ಆಗುವುದಿಲ್ಲ.

ಹಂಪಿನಗರದವಳು

ಒಂಬತ್ತನೇ ಮಹಡಿ ಸರ್. ನಾಳೆ ಬೆಳಿಗ್ಗೆಯೇ ಟೇಪ್ ತೆಗೆದುಕೊಂಡು ಹೋಗುತ್ತೇನೆ.