ಅಪ್ಪೆಮಿಡಿ ಉಪ್ಪಿನಕಾಯಿ ವ್ಯಾಪಾರಕ್ಕೆ ಇಳಿಯುವ ಮುನ್ನ ಪರೀಕ್ಷಿಸುವುದು ಹೇಗೆ?

ಪ್ರಶ್ನೆ (ಸಾಗರ):
ಮನೆಯಲ್ಲಿ ಹಾಕುವ ಅಪ್ಪೆಮಿಡಿ (ಮಲೆನಾಡಿನ ಎಳೆಯ ಮಾವಿನಕಾಯಿ) ಉಪ್ಪಿನಕಾಯಿಯನ್ನು ಬೆಂಗಳೂರಿನಲ್ಲಿರುವ ಮಲೆನಾಡಿನವರಿಗೆ ಮಾರುವ ಆಲೋಚನೆಯಿದೆ. ಸಾಲ ಮಾಡಿ ಶೆಡ್ಡು ಕಟ್ಟುವ ಮುನ್ನ ಇದು ನಡೆಯುವ ವ್ಯಾಪಾರವೇ ಎಂದು ತಿಳಿಯುವ ಬಗೆಯನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ತೀರ್ಥಹಳ್ಳಿ):
ನೆಂಟರ ಹೊಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪೂರ್ಣ ಬೆಲೆಯನ್ನು ಮುಂಗಡವಾಗಿ ಕೊಡುವ ಅಪರಿಚಿತರು ಎಷ್ಟು ಮಂದಿ, ಅವರಲ್ಲಿ ಸೀಸೆ ಮುಗಿದ ಮೇಲೆ ಮತ್ತೆ ಕೇಳುವವರು ಎಷ್ಟು ಮಂದಿ ಎಂಬುದೇ ನಿಜವಾದ ಪರೀಕ್ಷೆ.

ಉತ್ತರ (ಶಿವಮೊಗ್ಗ):
ಮಿಡಿ ಸಿಗುವುದು ಬೇಸಿಗೆಯ ಕೆಲವೇ ವಾರಗಳಲ್ಲಾದ್ದರಿಂದ ವರ್ಷದ ಬಂಡವಾಳವೆಲ್ಲ ಒಮ್ಮೆಗೇ ಉಪ್ಪುನೀರಿನ ಭರಣಿಯಲ್ಲಿ ಕೂರುತ್ತದೆ. ಮರಗಳೋ, ಒಂದು ವರ್ಷ ಚೆನ್ನಾಗಿ ಬಿಟ್ಟು ಮರುವರ್ಷ ಕೈಕೊಡುವುದುಂಟು. ಮಿಡಿ, ಸೀಸೆ, ಕೊರಿಯರ್ ಜೊತೆಗೆ ಮನೆಯವರ ಕೂಲಿಯನ್ನೂ (ಇದನ್ನೇ ಹೆಚ್ಚಿನವರು ಮರೆಯುವುದು) ಸೇರಿಸಿ ದರ ಕಟ್ಟಿ. ಮಾರಾಟಕ್ಕೆ ಮೊದಲು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಲೇಬೇಕು.