ಔಟ್‌ಬೋರ್ಡ್ ಇಂಜಿನ್ ಪೆಟ್ರೋಲ್ ಓವರ್ ಕುಡೀತಿದೆ, ಎಂತ ಮಾಡುದು?

ಪ್ರಶ್ನೆ (ಗಂಗೊಳ್ಳಿಯಿಂದ):
ಹ್ವಾಯ್, ನಮ್ಮ ನಾಡದೋಣಿಯ ಹಿಂದೆ ಕಟ್ಟಿದ್ದು 8 ಎಚ್‌ಪಿ ಔಟ್‌ಬೋರ್ಡ್. ಟೂ ಸ್ಟ್ರೋಕ್, ಸಿಲಿಂಡರ್ ಎರಡು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಒಂದೇ. ಅಪ್ಪಯ್ಯನ ಕಾಲದ್ದು. ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ನಮೂನೆ. ಈಗ ನಿಧಾನಕ್ಕೆ ಓಡಿಸಿದ್ರೆ ಮುಗ್ಗರಿಸ್ತದೆ, ಹೊಗೆ ಬೇರೆ. ಬಲೆ ಬಿಡುವಾಗ ಐದು ನಿಮಿಷ ಐಡಲಲ್ಲಿ ಇಟ್ರೆ ಬಂದ್. ಫುಲ್ ಕೊಟ್ರೆ ತೊಂದ್ರೆ ಇಲ್ಲ. ಕಾರ್ಬೊರೇಟರ್ ಎರಡು ಸಲ ಬಿಚ್ಚಿ ತೊಳೆಸಿ ಹೊಸ ಕಿಟ್ ಹಾಕಿಸಿದೆ. ಜೂನ್ 1ಕ್ಕೆ ಮಳೆಗಾಲದ ನಿಷೇಧ ಶುರುವಾಗಿ ದೊಡ್ಡ ಬೋಟುಗಳು ದಡ ಹತ್ತಿದ ಮೇಲೆ 10 ಎಚ್‌ಪಿ ಒಳಗಿನ ನಮ್ಮಂಥವರಿಗೇ ದುಡಿಮೆ. ಅದರೊಳಗೆ ಸರಿಯಾಗ್ಬೇಕು.

ಮೆಕ್ಯಾನಿಕ್:
ಮೂರನೇ ಸಲ ಕಾರ್ಬೊರೇಟರ್ ಬಿಚ್ಚುದು ಬೇಡ ಮಾರಾಯ್ರೆ. ಮೊದಲು ಸೀಮೆಎಣ್ಣೆ ಪೂರ್ತಿ ಬಿಟ್ಟು ಬರೀ ಪೆಟ್ರೋಲಲ್ಲಿ ನೋಡಿ. ಇಂಜಿನ್ ತಣ್ಣಗಿರುವಾಗ ಸೀಮೆಎಣ್ಣೆ ಸರಿಯಾಗಿ ಆವಿಯಾಗುದಿಲ್ಲ, ಆಗಲೂ ಹೊಗೆ ಬಂದು ಸ್ಪಾರ್ಕ್ ಪ್ಲಗ್ ಕಪ್ಪಾಗ್ತದೆ. ನಿಧಾನ ಓಡುವಾಗ ಇಂಜಿನ್ನಿಗೆ ಹಾಕಿದ ಪೆಟ್ರೋಲ್ ಪೈಪ್ ಕಿತ್ತುಬಿಡಿ. ಸಾಯುವ ಮೊದಲು ಸ್ವಲ್ಪ ಹೊತ್ತು ನಯವಾಗಿ ಓಡಿ ಸ್ಪೀಡ್ ಏರಿದ್ರೆ ಪೆಟ್ರೋಲ್ ಹೆಚ್ಚಾಗಿತ್ತು ಅಂತ ಲೆಕ್ಕ. ಆಮೇಲೆ ಎರಡೂ ಪ್ಲಗ್ ಬಿಚ್ಚಿ ಬೇರೆ ಬೇರೆ ಇಟ್ಟು ಬಣ್ಣ ಹೇಳಿ. ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸ್ತೀರಿ?

ಪ್ರಶ್ನೆ ಕೇಳಿದವರು:
ಪೈಪ್ ಕಿತ್ತ ಮೇಲೆ ಇಂಜಿನ್ ಹೊಸದರ ಹಾಗೆ ಓಡ್ತು, ಆಮೇಲೆ ನಿಂತಿತು. ಮೇಲಿನ ಪ್ಲಗ್ ಕಂದು, ಕೆಳಗಿನದ್ದು ಕಪ್ಪು, ಒದ್ದೆ. ಆಯಿಲ್ ಲೀಟರಿಗೆ 20 ಎಂಎಲ್ ಅಂತ ಪುಸ್ತಕದಲ್ಲಿದೆ, ನಾನು ಒಂದು ಮುಚ್ಚಳ ಜಾಸ್ತಿ ಹಾಕ್ತೇನೆ.

ಮೆಕ್ಯಾನಿಕ್:
ಆ ಮುಚ್ಚಳ ಬಿಡಿ. ಹೊಗೆ ಮತ್ತು ಮಸಿಗೆ ಅದರ ಪಾಲೂ ಉಂಟು. ಆದ್ರೆ ಅದು ಎರಡೂ ಪ್ಲಗ್ಗಿಗೆ ಸಮ ಆಗ್ಬೇಕಿತ್ತಲ್ಲ. ಕಾರ್ಬೊರೇಟರೂ ಹಾಗೇ. ಒಂದೇ ಕಾರ್ಬೊರೇಟರ್ ಎರಡೂ ಸಿಲಿಂಡರಿಗೆ ಬಡಿಸ್ತದೆ. ಅದು ಕೆಟ್ಟಿದ್ರೆ ಎರಡೂ ಒದ್ದೆ ಆಗ್ತಿತ್ತು. ಕೆಳಗಿನದಕ್ಕೆ ಮಾತ್ರ ಎಲ್ಲಿಂದಲೋ ಕಳ್ಳದಾರಿಯಲ್ಲಿ ಪೆಟ್ರೋಲ್ ಹೋಗ್ತಾ ಉಂಟು.

ನಿಮ್ಮ ಫ್ಯುಯೆಲ್ ಪಂಪ್ ಬ್ಲಾಕಿಗೆ ಬೋಲ್ಟ್ ಮಾಡಿದ್ದಲ್ವಾ? ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಅದರ ಕೆಳಗಿನ ಪೆಟ್ಟಿಗೆ, ಅಂದ್ರೆ ಕ್ರ್ಯಾಂಕ್‌ಕೇಸಿನ ಗಾಳಿ ಎಳೀತದೆ, ತಳ್ಳುತ್ತದೆ. ಒಂದು ಸಣ್ಣ ತೂತಿನಿಂದ ಆ ಬಡಿತ ಬಂದು ಪಂಪಿನ ಡಯಾಫ್ರಾಮ್ (ತೆಳು ಪರದೆ) ಅಲುಗಾಡಿಸ್ತದೆ, ಪೆಟ್ರೋಲ್ ಮೇಲೇರ್ತದೆ. ಡಯಾಫ್ರಾಮ್ ಬಿರುಕು ಬಿಟ್ರೆ ಅದೇ ತೂತಿನಿಂದ ಪೆಟ್ರೋಲ್ ನೇರ ಆ ಒಂದು ಸಿಲಿಂಡರಿನ ಕ್ರ್ಯಾಂಕ್‌ಕೇಸಿಗೆ. ಕಾರ್ಬೊರೇಟರಿಗೆ ಇದರ ಸುದ್ದಿಯೇ ಇಲ್ಲ. ಫುಲ್ಲಲ್ಲಿ ಇಂಜಿನ್ನೇ ಅಷ್ಟು ಕೇಳ್ತದೆ, ಗೊತ್ತಾಗುದಿಲ್ಲ. ಐಡಲಲ್ಲಿ ಮುಳುಗಿಸ್ತದೆ. ನಿಮ್ಮ ಕತೆ ಪೂರ್ತಿ ಇದಕ್ಕೆ ಹೊಂದ್ತದೆ.

ಖಾತ್ರಿಗೆ ಮೊದಲು ಎರಡು ಪ್ಲಗ್ ಅದಲು ಬದಲು ಮಾಡಿ ಓಡಿಸಿ. ಒದ್ದೆ ಪ್ಲಗ್ಗಿನ ಜೊತೆ ಮೇಲೆ ಹೋದ್ರೆ ಪ್ಲಗ್ಗೇ ಹಾಳು. ಕೆಳಗೇ ಉಳಿದ್ರೆ ಪಂಪ್ ಬಿಚ್ಚಿ ಬ್ಲಾಕಿನ ತೂತು ನೋಡಿ. ಸ್ವಲ್ಪ ಆಯಿಲ್ ಪಸೆ ಇರ್ತದೆ, ಅದು ಸಹಜ. ಪೆಟ್ರೋಲ್ ನಿಂತಿದ್ರೆ ಕಳ್ಳ ಸಿಕ್ಕಿದ. ಡಯಾಫ್ರಾಮನ್ನು ಬೆಳಕಿಗೆ ಹಿಡಿದು ಮೆಲ್ಲ ಎಳೆದು ನೋಡಿ, ಮಡಚಿದ ಜಾಗದಲ್ಲೇ ಸೀಳಿರ್ತದೆ. ಬಿಚ್ಚುವಾಗ ಗ್ಯಾಸ್ಕೆಟ್ ಯಾವುದು ಮೊದಲು ಅಂತ ಫೋಟೋ ತೆಗೀರಿ. ಬೀಡಿ ದೂರ ಇರಲಿ.

ಇನ್ನೊಬ್ಬರು:
ಕಾರ್ಬೊರೇಟರಲ್ಲಿ ಪೆಟ್ರೋಲ್ ಬರುವ ತೂತಿನ ಜೆಟ್ಟಿಗೆ ಸಣ್ಣ ತಂತಿ ಹಾಕಿ ಎರಡು ಸಲ ಎಳೆದ್ರೆ ಸರಿಯಾಗುದಿಲ್ವಾ? ನಾವೆಲ್ಲ ಹಾಗೇ ಮಾಡುದು.

ಮೆಕ್ಯಾನಿಕ್:
ಅದಕ್ಕೇ ನಿಮ್ಮಂಥವರ ಇಂಜಿನ್ ನನ್ನ ಶೆಡ್ಡಿಗೆ ಬರುದು! ಜೆಟ್ ಹಿತ್ತಾಳೆ. ಉಕ್ಕಿನ ತಂತಿ ಎಳೆದಷ್ಟೂ ತೂತು ದೊಡ್ಡದಾಗ್ತದೆ, ಆಮೇಲೆ ನಿಜವಾಗಿ ಓವರ್. ಕ್ಲೀನರ್ ಹಾಕಿ ಗಾಳಿ ಹೊಡೀರಿ ಸಾಕು.

ಮತ್ತೊಬ್ಬರು:
ನಂದು ಎರಡೂ ಪ್ಲಗ್ ಕಪ್ಪು. ನನಗೆಂತ?

ಮೆಕ್ಯಾನಿಕ್:
ನಿಮ್ಮದು ಕಾರ್ಬೊರೇಟರೇ ಇರಬಹುದು. ಚೋಕಿನ ರೆಕ್ಕೆ ಪೂರ್ತಿ ತೆರೀತದಾ ಕಣ್ಣಲ್ಲೇ ನೋಡಿ, ನಾಬ್ ಒಳಗೆ ಹೋದ್ರೂ ಒಳಗಿನ ಕಡ್ಡಿ ಸಿಕ್ಕಿಕೊಂಡಿರ್ತದೆ. ಮತ್ತೆ ಕಾರ್ಬೊರೇಟರಿನೊಳಗೆ ತೇಲುವ ಫ್ಲೋಟ್ ಕಿವಿ ಹತ್ರ ಅಲುಗಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದ್ರೆ ಫ್ಲೋಟ್ ತೂತು. ಫ್ಲೋಟ್ ಏರಿದಾಗ ಪೆಟ್ರೋಲ್ ಮುಚ್ಚುವ ನೀಡಲ್ ತುದಿಯಲ್ಲಿ ಉಂಗುರದ ಗೆರೆ ಬಿದ್ದಿದ್ರೆ ಬದಲಿಸಿ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ಮೇಲೆ):
ಅಣ್ಣ, ಡಯಾಫ್ರಾಮಲ್ಲಿ ಉಗುರಿನಷ್ಟು ಉದ್ದದ ಸೀಳು. ಬದಲಿಸಿದೆ, ಹೊಗೆ ಹೋಯ್ತು. ಆದ್ರೆ ಈಗ ಐಡಲಲ್ಲಿ ಕೆಮ್ಮಿ ನಿಲ್ತದೆ. ಕಾರ್ಬೊರೇಟರ್ ತೊಳೆದವರು ಅದರ ಐಡಲ್ ಮಿಶ್ರಣದ ಸ್ಕ್ರೂ ತಿರುಗಿಸಿದ್ರು.

ಮೆಕ್ಯಾನಿಕ್:
ಹಳೇ ರೋಗಕ್ಕೆ ಪೆಟ್ರೋಲ್ ಕಡಿಮೆ ಮಾಡಿಟ್ಟಿದ್ದಾರೆ. ಸ್ಕ್ರೂ ಈಗ ಎಷ್ಟು ಸುತ್ತಲ್ಲಿದೆ, ಎಣಿಸ್ತಾ ಮೆಲ್ಲ ಮುಚ್ಚಿ ಬರೆದಿಡಿ. ಬಿಗಿದ್ರೆ ಚೂಪು ತುದಿ ಹಾಳು. ಪುಸ್ತಕದ ಸುತ್ತಿಗೆ ತಂದು, ಅಲ್ಲಿಂದ ಕಾಲು ಕಾಲು ಸುತ್ತು ಆಚೀಚೆ ಮಾಡಿ, ಪ್ರತಿ ಸಲ ಸ್ವಲ್ಪ ಹೊತ್ತು ಕಾದು ಕೇಳಿ. ನೀರಿನ ಡ್ರಮ್ಮಿನಲ್ಲಿಟ್ಟು ಓಡಿಸುದು ಬೇಡ, ಅಲ್ಲಿ ತನ್ನ ಹೊಗೆ ತಾನೇ ಎಳ್ಕೊಂಡು ಸುಳ್ಳು ಹೇಳ್ತದೆ. ಹೊಳೆಯಲ್ಲಿ ದೋಣಿ ಕಟ್ಟಿ, ಗೇರ್ ಹಾಕಿ ನೋಡಿ.

ಪ್ರಶ್ನೆ ಕೇಳಿದವರು:
ಆಯ್ತಣ್ಣ, ನಾಳೆ ಭರತ (ಉಬ್ಬರ) ನೋಡಿ ಇಳಿಸ್ತೇನೆ.